ಮೊಗಲಪ್ಪನ ಟ್ಯಾಂಕಿಗೆ ಪೀಪಿ ಹಚ್ಚಿದ್ದು

೧

ಈ ಕಥೆ ಎಲ್ಲಿಂದ ಶುರುವಾಗಬೇಕು ಅನ್ನುವುದರಲ್ಲೇ ನನಗೂ ಮೊಗಲಪ್ಪನಿಗೂ ಜಗಳ. ನಾನು ನೀರಿನ ಟ್ಯಾಂಕಿಯಿಂದ ಅಂದೆ. ಆತ ತನ್ನಿಂದ ಅಂದ. ("ಟ್ಯಾಂಕಿ ಏನ್ ಮಾತಾಡ್ತದೇನ್ರಿ?") ಕಡೆಗೆ ಇಬ್ಬರೂ ದಣಿದು, ಸುಗಲಾಬಾಯಿಯ ಶ್ಯಾವಿಗೆಯಿಂದ ಶುರು ಮಾಡುವುದೆಂದು ಒಪ್ಪಿಕೊಂಡಿದ್ದೇವೆ.

ರಾಜ್ಯದ ಗಡಿಯಾಚೆ, ನಾಗಲಗಿದ್ದದ ಹತ್ತಿರದ ಒಂದು ಊರು. (ಹೆಸರು ಹೇಳುವುದಿಲ್ಲ. ಅಲ್ಲಿಗೆ ನಾನು ಮತ್ತೆ ಹೋಗಬೇಕು.) ಮೊಗಲಪ್ಪ ಇಪ್ಪತ್ತೆರಡು ವರ್ಷದಿಂದ ಆ ಊರಿಗೆ ನೀರು ಬಿಡುವವನು. ಮೋಟರ್ ಹಚ್ಚುವುದು, ಟ್ಯಾಂಕಿ ತುಂಬಿದೊಡನೆ ಬಂದ್ ಮಾಡುವುದು, ಪಾಳಿಯಂತೆ ಒಂದೊಂದು ಓಣಿಗೆ ವಾಲ್ ತಿರುಗಿಸುವುದು. ಟ್ಯಾಂಕಿಯ ಬುಡದಲ್ಲೇ ಸುಗಲಾಬಾಯಿಯ ಮನೆ. ಈ ಬೇಸಿಗೆಯಲ್ಲಿ ಟ್ಯಾಂಕಿ ಮೂರು ಸಲ ತುಂಬಿ ಚೆಲ್ಲಿತು. ಮೂರನೆಯ ಸಲ ಆಕೆ ಹೊರಸಿನ ಮೇಲೆ ಒಣಗಹಾಕಿದ್ದ ಶ್ಯಾವಿಗೆ ತೊಯ್ದು ಮುದ್ದೆಯಾಯಿತು. ಆ ಮುದ್ದೆಯನ್ನು ಪರಾತದಲ್ಲಿ ಹೊತ್ತು ತಂದು ಸರಪಂಚ ದೇವಿಕಾಳ ಟೇಬಲ್ಲಿನ ಮೇಲಿಟ್ಟಳು.

"ಬೆಲ್ಲ ತರ್ಸ್ರಿ. ಇಲ್ಲೇ ಉಂಡು ಬಿಡೋಣು."

ದೇವಿಕಾ ನಗಲಿಲ್ಲ. ಮೊಗಲಪ್ಪನನ್ನು ಕರೆಸಿ, "ಕಾಕಾ, ಇನ್ನೊಂದ್ ಸಲ ಹಿಂಗಾದ್ರ ನಾ ಬ್ಯಾರೆಯವ್ರಿಗಿ ಕೆಲಸ ಕೊಡಬೇಕಾಗ್ತದ ನೋಡ್ರಿ" ಅಂದಳು.

೨

(ಮೊದಲ ಕರಡಿನಲ್ಲಿ ಮೊಗಲಪ್ಪ ಇಲ್ಲಿ ಅತ್ತಿದ್ದ. "ನಾ ಯಾವಾಗ ಅತ್ತೀನ್ರಿ?" ಎಂದು ಆತ ಗಲಾಟೆ ಮಾಡಿದ್ದರಿಂದ ಹರಿದು ಹಾಕಿದೆ.)

ಆತ ಅಳಲಿಲ್ಲ, ಎರಡು ದಿನ ರೊಟ್ಟಿ ಸರಿಯಾಗಿ ತಿನ್ನಲಿಲ್ಲ. ಹೆಂಡತಿ ಈಶಮ್ಮ ಮಗಳಿಗೆ ಫೋನು ಹಚ್ಚಿದಳು. ಮಗಳು ಶಿಲ್ಪಾರಾಣಿ ಜಹೀರಾಬಾದಿನ ಒಂದು ಕಾರ್ಖಾನೆಯಲ್ಲಿ ಮಷೀನು ರಿಪೇರಿಯ ಕೆಲಸದವಳು. ರವಿವಾರ ಒಂದು ಸೆನ್ಸರು, ಒಂದು ಡಬ್ಬಿ, ಒಂದು ಸೈರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಳಿದಳು.

ಕೆಲಸ ಸರಳ. ಟ್ಯಾಂಕಿಯ ಮುಚ್ಚಳದಲ್ಲಿ ಕೂತ ಸೆನ್ಸರು ನೀರು ಎಷ್ಟು ಏರಿದೆ ಎಂದು ಅಳೆದು ಕೆಳಗಿನ ಡಬ್ಬಿಗೆ ಅಂಕಿ ಕಳಿಸುತ್ತದೆ. ನೂರಕ್ಕೆ ತೊಂಬತ್ತು ಮುಟ್ಟಿದರೆ ಒಂದೇ ಉದ್ದನೆಯ ಕೂಗು: ತುಂಬಿತು, ಬಂದ್ ಮಾಡು. ಇಪ್ಪತ್ತಕ್ಕಿಂತ ಇಳಿದರೆ ಬಿಟ್ಟು ಬಿಟ್ಟು ಕೂಗು: ನೀರು ತೀರಿತು, ಮೋಟರ್ ಹಚ್ಚು. ಶಿಲ್ಪಾರಾಣಿ ಇದನ್ನು ಓಣಿಯ ಹೆಂಗಸರಿಗೆಲ್ಲ ಹೇಳಿಕೊಟ್ಟಳು. ತಪ್ಪಾದದ್ದು ಅಲ್ಲೇ.

ಮೋಟರ್ ಹಚ್ಚಿದರು. ಮೊಗಲಪ್ಪ ಮೇಲೆ ವೈರು ಹಿಡಿದು ನಿಂತಿದ್ದ. ನೀರು ತೊಂಬತ್ತಕ್ಕೆ ಬಂತು. ಆದರೆ ಬೀಳುವ ನೀರು ಸುಮ್ಮನಿರುತ್ತದೆಯೇ? ತೆರೆ ಏಳುತ್ತದೆ. ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತು, ಎಂಬತ್ತೊಂಬತ್ತು. ಸೈರನ್ನು ಕೂಂ ಅಂದು ನಿಂತಿತು, ಮತ್ತೆ ಕೂಂ, ಮತ್ತೆ ನಿಂತಿತು.

"ನೀರು ತೀರ‍್ಯಾವ!" ಎಂದು ಯಾರೋ ಚೀರಿದರು. ಐದು ನಿಮಿಷದಲ್ಲಿ ಕೊಡ, ಬಕೀಟು, ಬೋಗುಣಿ ಹಿಡಿದು ಅರ್ಧ ಊರು ನಳದ ಮುಂದೆ ನಿಂತಿತ್ತು. ಮೇಲೆ ಟ್ಯಾಂಕಿ ತುಂಬಿ ತುಳುಕುತ್ತಿತ್ತು.

"ಏನವ್ವಾ, ನಿನ್ನ ಪೀಪಿಗಿ ಬಿಕ್ಕು ಹತ್ತ್ಯಾವೇನು?" ಅಂದಳು ಸುಗಲಾಬಾಯಿ.

ಶಿಲ್ಪಾರಾಣಿ ಮೋಟರ್ ಬಂದ್ ಮಾಡಿ ಲ್ಯಾಪ್‌ಟಾಪ್ ತೆಗೆದಳು. "ತೊಂಬತ್ತಕ್ಕ ಕೂಗಾಕ ಶುರು ಮಾಡಿದ್ರ, ಎಂಬತ್ತೈದಕ್ಕ ಇಳಿಯೋತನಕ ಬಾಯಿ ಮುಚ್ಚಬಾರ್ದು. ಅಷ್ಟೇ ಹೇಳಿಕೊಡ್ಬೇಕು ಇದಕ್ಕ."

೩

ಹೇಳಿಕೊಟ್ಟಳು. ಸೈರನ್ನು ಈ ಸಲ ಒಂದೇ ಉಸುರಿಗೆ ಅರಚಿತು. ಪಾರಿವಾಳ ಎದ್ದವು, ಎಮ್ಮೆ ಹಗ್ಗ ಹರಿಯಿತು. ಜನ ಕಿವಿ ಮುಚ್ಚಿಕೊಂಡರು.

ಟ್ಯಾಂಕಿಯಿಂದ ಇಳಿದು ಬಂದ ಮೊಗಲಪ್ಪ ಆ ಸೈರನ್ನಿನ ಕೆಳಗೇ, ಗೋಡೆಗೆ ಬೆನ್ನು ಕೊಟ್ಟು ಕೂತು, ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಸುಣ್ಣ ಹೆಚ್ಚಾಯಿತೇನೋ ಎಂದು ನೋಡಿಕೊಳ್ಳುತ್ತಿದ್ದ.

ಶಿಲ್ಪಾರಾಣಿ ಸೈರನ್ನು ಆರಿಸಿ ಹತ್ತಿರ ಹೋಗಿ ಭುಜ ಮುಟ್ಟಿದಳು. ಆತ ತಲೆಯೆತ್ತಿ ನಕ್ಕ.

"ಆತೇನು? ಹಚ್ಚು, ನಾನೂ ಕೇಳ್ತೀನಿ."

(ಇಲ್ಲಿ ನಗುವಿರಲಿ ಅಂದುಕೊಂಡಿದ್ದೆ. ಶಿಲ್ಪಾರಾಣಿಯ ಮುಖ ನೋಡಿದ ಮೇಲೆ ನನ್ನಿಂದ ಆಗಲಿಲ್ಲ.)

ಫೋನು ಮಾಡಿದಾಗಲೆಲ್ಲ ಅವ್ವನೇ ಯಾಕೆ ಎತ್ತುತ್ತಿದ್ದಳು ಎಂದು ಆಕೆಗೆ ಆಗ ತಿಳಿಯಿತು. ಅಪ್ಪನನ್ನು ಪಂಪಿನ ಕೋಣೆಯೊಳಗೆ ಕರೆದುಕೊಂಡು ಹೋಗಿ, ಮುಖಕ್ಕೆ ಮುಖ ಕೊಟ್ಟು ಕೇಳಿದಳು. "ಎಷ್ಟ್ ದಿನ ಆತಪ್ಪಾ?"

"ಮೂರು ವರ್ಷ." ಆತ ಪೈಪಿನ ಮೇಲೆ ಅಂಗೈ ಇಟ್ಟು ತೋರಿಸಿದ. "ಹಳೀ ಮೋಟರ್ ಇದ್ದಾಗ ಹಿಂಗ ಕೈ ಇಟ್ರ ಗೊತ್ತಾಗ್ತಿತ್ತು. ತುಂಬಿದ್ರ ನಡುಕ ಬ್ಯಾರೆ. ಈ ಹೊಸಾದು ನಡುಗಂಗೇ ಇಲ್ಲ, ಹಾಳಾದ್ದು." ಆಮೇಲೆ ದನಿ ತಗ್ಗಿಸಲು ಹೋಗಿ ಹೊರಗೆಲ್ಲ ಕೇಳುವಂತೆ ಅಂದ, "ಸರಪಂಚಗ ಹೇಳಬ್ಯಾಡವ್ವಾ!"

ನನಗೂ ಅದನ್ನೇ ಅಂದ. ಬರೀಬ್ಯಾಡ್ರಿ ಅಂದ. ಸರಿಯೆಂದು ಆತನಿಗೆ ಕಿವಿ ಕೇಳುವಂತೆ ಒಂದು ಕರಡು ಬರೆದೆ. ಶಿಲ್ಪಾರಾಣಿ ಓದಿ, "ಇದರಾಗ ನಮ್ಮಪ್ಪ ಎಲ್ಲಿದ್ದಾನ್ರಿ?" ಅಂದಳು.

೪

ಆಕೆ ಡಬ್ಬಿಯೊಳಗೆ ಒಂದು ಸಿಮ್ ಹಾಕಿದಳು. ನೀರು ತೀರಿದರೆ ಅಪ್ಪನ ಅಂಗಿಯ ಕಿಸೆಯ ಫೋನು ಒಮ್ಮೆ ಗುರ್ ಅಂದು ಸುಮ್ಮನಾಗುತ್ತದೆ, ತುಂಬಿದರೆ ಎದೆಗೆ ಹತ್ತಿ ಅದುರುತ್ತಲೇ ಇರುತ್ತದೆ. ಸೈರನ್ನು ಊರಿಗೆ, ನಡುಕ ಆತನಿಗೆ.

ಎರಡು ವಾರ ಒಂದು ಹನಿ ಚೆಲ್ಲಲಿಲ್ಲ. ದೇವಿಕಾಳೇ ನೋಡಲು ಬಂದಳು. ವಾಲ್ ತಿರುಗಿಸುತ್ತಿದ್ದ ಮೊಗಲಪ್ಪನ ಹಿಂದೆ ನಿಂತು, "ಕಾಕಾ, ಭಾಳ ಛಲೋ ಆತು" ಅಂದಳು. ಆತ ತಿರುಗಲಿಲ್ಲ. ಇನ್ನೊಮ್ಮೆ ಅಂದಳು.

ಬಟ್ಟೆ ಹಿಂಡುತ್ತಿದ್ದ ಸುಗಲಾಬಾಯಿ ತಲೆಯೆತ್ತಿದಳು. "ಮುಂದ ಬಂದು ಮಾತಾಡ್ರಿ ಸರಪಂಚರ. ಹಿಂದಿಂದ ಅವಗ ಕೇಳಂಗಿಲ್ಲ."

ದೇವಿಕಾಳ ಮುಖ ಬದಲಾಯಿತು. ಮುಂದೆ ಬಂದು ನಿಂತು, "ಕಾಕಾ, ನಿಮಗ ಕಿವಿ ಕೇಳಂಗಿಲ್ಲಂತ ಸುಗಲಾಬಾಯಿ ಹೇಳಾಕತ್ಯಾಳ. ಖರೇ ಏನ್ರಿ?" ಅಂದಳು.

ಮೊಗಲಪ್ಪ ಸುಗಲಾಬಾಯಿಯ ಕಡೆ ತಿರುಗಿದ. "ನಿನಗ್ಯಾರು ಹೇಳಿದ್ರು?"

"ಮೂರು ವರ್ಷ ಕೂಗಿ ಕೂಗಿ ನನ್ನ ಗಂಟಲ ಹೋಗ್ಯಾದ! ಯಾರು ಹೇಳ್ಬೇಕು? ಸರಪಂಚರೊಬ್ರನ್ನ ಬಿಟ್ಟು ಊರಿಗೆಲ್ಲ ಗೊತ್ತದ. ಪಂಚಾಯ್ತ್ಯಾಗ ನಾ ಶ್ಯಾವಿಗಿ ಮಾತು ಆಡಿದೆ, ನಿನ್ನ ಕಿವೀದು ಮಾತು ಆಡಿದ್ನೇನು?"

ಆತ ವಾಲಿನ ಪಕ್ಕದಲ್ಲೇ ಕೂತುಬಿಟ್ಟ. (ಅತ್ತನೋ ಇಲ್ಲವೋ, ಈ ಸಲ ನಾನು ಕೇಳಲಿಲ್ಲ.) ದೇವಿಕಾ ಬಗ್ಗಿ, ಬಾಯಿ ಕಾಣುವಂತೆ ನಿಧಾನವಾಗಿ ಹೇಳಿದಳು. "ನೀರು ನೀವೇ ಬಿಡ್ರಿ. ಆದ್ರ ನಾರಾಯಣಖೇಡದ ದವಾಖಾನಿಗಿ ಹೋಗಿ ಕಿವಿ ತೋರ್ಸಿಕೊಂಡು ಬರ್ರಿ."

೫

ಮುಕ್ತಾಯಗಳು ನನ್ನ ಬಳಿ ಎರಡಿವೆ. ಒಂದರಲ್ಲಿ ಡಾಕ್ಟರು ಕಿವಿಗೆ ಮಷೀನು ಕೊಡುತ್ತಾರೆ, ಆತ ಮೊದಲ ಸಲ ಸೈರನ್ನು ಕೇಳಿ ಓಡಿ ಹೋಗುತ್ತಾನೆ. ಇನ್ನೊಂದರಲ್ಲಿ ಆತ ಹೋಗುವುದೇ ಇಲ್ಲ. ಯಾವುದನ್ನೂ ಮೊಗಲಪ್ಪ ಒಪ್ಪಿಲ್ಲ. "ನೋಡೋಣು" ಅನ್ನುತ್ತಾನೆ.

ಸೋಮವಾರ ಬೆಳಿಗ್ಗೆ ನಾರಾಯಣಖೇಡದ ಬಸ್ಸು ಬಂತು. ಈಶಮ್ಮ ಹೊಸ ಸೀರೆಯಲ್ಲಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲದಲ್ಲೇ ಊರಿ, ಬಸ್ಸಿನವರೆಲ್ಲ ಕೇಳುವಂತೆ ಕಂಡಕ್ಟರನಿಗೆ ಹೇಳಿದಳು: "ತಡೀರಿ. ನಮ್ಮವರು ಕೆಳಗಿನ ಓಣಿಗಿ ನೀರು ಬಿಡಾಕ ಹೋಗ್ಯಾರ. ಕಿವಿ ಕೇಳಂಗಿಲ್ಲ, ಹಾರ್ನ್ ಹೊಡದ್ರೂ ಉಪಯೋಗಿಲ್ಲ. ಬರೋತನಕ ನಾ ಈ ಕಾಲು ತೆಗಿಯಂಗಿಲ್ಲ."

ಕಂಡಕ್ಟರ್ ನನ್ನ ಮುಖ ನೋಡುತ್ತಿದ್ದಾನೆ. ನಾನೇನು ಮಾಡಲಿ? ನಾನೂ ಇದೇ ಬಸ್ಸಿಗೆ ಟಿಕೀಟು ತೆಗೆಸಿ ಕೂತವನು.