ಉಂಡೆಯ ಹೊಟ್ಟೆಯಲ್ಲಿ ಏನಿದೆ

೧

ಎಲ್ಲಿಂದ ಶುರುಮಾಡುವುದು? ಉಲ್ಲನ್ ಉಂಡೆಯಾದರೆ ಸುಲಭ, ಒಂದು ತುದಿ ತಾನಾಗಿಯೇ ಹೊರಗೆ ನಾಲಗೆ ಚಾಚಿಕೊಂಡಿರುತ್ತದೆ. ಕಥೆಗೆ ಅಂಥ ಸೌಕರ್ಯವಿಲ್ಲ. ಮೊದಲು ಹೀಗೆ ಬರೆದಿದ್ದೆ: ‘ಹೊರಗೆ ಮಂಜು ಬಿಳಿಯ ಸೆರಗು ಹಾಸಿತ್ತು. ಕಿಟಕಿಯ ಬಳಿ ಅವಳು ಏಕಾಂಗಿಯಾಗಿ ಹೆಣೆಯುತ್ತಿದ್ದಳು.’

“ರೀ ಕಥೆಯವರೇ, ಕಿಟಕಿ ಹತ್ರ ಕೂತ್ರೆ ಗಾಳಿ ಹೊಡೆಯುತ್ತೆ. ನಾನು ಕೂತಿರೋದು ಓವನ್ ಪಕ್ಕ,” ಎಂದಳು ಅವಳು.

ಸರಿ, ಸೆರಗು, ಕಿಟಕಿ ಎರಡನ್ನೂ ಹೊಡೆದುಹಾಕಿದೆ.

ಅವಳು ಈ ಕಥೆಯ ತಂಗಿ. ಕೆಲಸ ಕನ್ನಡಕದ ಅಂಗಡಿಯಲ್ಲಿ. ಹಗಲೆಲ್ಲ ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ “ಈಗ ನೋಡಿ, ಈಗ?” ಎನ್ನುತ್ತಾಳೆ. ಚಳಿಗಾಲದಲ್ಲಿ ಹೊರಗಿನಿಂದ ಬಂದವರ ಗಾಜೆಲ್ಲ ಮಬ್ಬಾಗುತ್ತದೆ; ಒರೆಸಲು ಬಟ್ಟೆ ಕೊಡುವುದೂ ಅವಳೇ. ಸಂಜೆ ಮನೆಗೆ ಬಂದು ಓವನ್ ಹಾಕಿ, ಪಕ್ಕದ ಸ್ಟೂಲಿನ ಮೇಲೆ ಹೆಣಿಗೆ ಹಿಡಿದು ಕೂರುತ್ತಾಳೆ. ಬಿಸ್ಕತ್ತು ಬೇಯುವಷ್ಟು ಹೊತ್ತು ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಪ್ರತಿ ಚಳಿಗಾಲವೂ ಅಷ್ಟು ಸಾಕಾಗುತ್ತಿತ್ತು.

ಈ ಸಲ ಸಾಕಾಗುತ್ತಿಲ್ಲ. ಅಕ್ಕ ಅವಳೊಡನೆ ಮಾತು ಬಿಟ್ಟಿದ್ದಾಳೆ.

೨

ಕಾರಣ, ಅಜ್ಜಿಯ ಸ್ವೆಟರ್. ಬದನೆಕಾಯಿ ಬಣ್ಣದ್ದು. ಅಜ್ಜಿ ಹೋದ ಮೇಲೂ ಕಪಾಟಿನಲ್ಲಿ ಮಡಿಸಿದ ಹಾಗೇ ಇತ್ತು. (ಅಜ್ಜಿಗೆ ಅರಿವೆ ಚಿಂತೆ ಎನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಗಾದೆಯ ಉಳಿದರ್ಧ ಇಲ್ಲಿ ಬೇಡ, ಇದನ್ನು ನಮ್ಮಮ್ಮ ಓದುತ್ತಾಳೆ.) ಹುಳ ಕೊರೆದು ಮೊಣಕೈ ಹತ್ತಿರ ತೂತು ಬಿದ್ದಿತ್ತು. ತೂತು ಬೆನ್ನಿಗೂ ಹಬ್ಬುವ ಮೊದಲು ಇದ್ದಷ್ಟನ್ನು ಉಳಿಸೋಣವೆಂದು ತಂಗಿ ಒಂದು ಭಾನುವಾರ ಅದನ್ನು ಬಿಚ್ಚಿದಳು. ಉಲ್ಲನ್ ಒಗೆದು ಒಣಗಿಸಿ ಎರಡು ಟೋಪಿ ಹೆಣೆದಳು, ಒಂದು ತನಗೆ, ಒಂದು ಅಕ್ಕನಿಗೆ. ಬಣ್ಣದ ಕಾಗದ ಸುತ್ತಿ ಕೊಟ್ಟಳು.

ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಬ್ರೇಕೆಂದು ಆಕ್ಸಿಲರೇಟರ್ ಒತ್ತುವವರ ಪಕ್ಕದಲ್ಲಿ ದಿನವಿಡೀ ಕೂತೂ ದನಿ ಏರಿಸದವಳು. ಟೋಪಿಯನ್ನು ಮೂಗಿನ ಹತ್ತಿರ ಹಿಡಿದಳು.

“ಇದು ಅಜ್ಜಿ ಸ್ವೆಟರ್ ಅಲ್ವಾ?”

“ಹೂಂ ಅಕ್ಕ. ಹಾಳಾಗಿ ಹೋಗ್ತಿತ್ತು, ಅದಕ್ಕೇ...”

“ಅಜ್ಜೀನೇ ಬಿಚ್ಚಿಬಿಟ್ಯಲ್ಲೇ! ಕಾಲರಿನಲ್ಲಿ ಇನ್ನೂ ಅವಳ ವಾಸನೆ ಇತ್ತು. ಸೋಪು ಹಾಕಿ ಒಗೆದೂ ಬಿಟ್ಯಾ?”

ಅಷ್ಟೇ. ಆಮೇಲೆ ಅಕ್ಕ ಮೌನಗೌರಿ.

[ಓದುಗರೇ, ಇಲ್ಲಿ ನಾನು ತಂಗಿಯ ಪರವಾಗಿ ಎರಡು ಪುಟ ವಾದಿಸಿದ್ದೆ. ತೂತು, ಹುಳ, ಉಳಿತಾಯ ಎಲ್ಲ ಹೇಳಿದ್ದೆ. ಆದರೆ ವಾಸನೆಯ ಮಾತಿಗೆ ಉತ್ತರ ಸಿಗಲಿಲ್ಲ. ಎರಡೂ ಪುಟ ಹರಿದೆ.]

೩

ಫ್ಲ್ಯಾಶ್‌ಬ್ಯಾಕ್. (ಅಜ್ಜಿಯ ಭಾಷೆಯಲ್ಲಿ: “ಹಿಂದಕ್ಕೆ ಹೋಗಿ ಬಿಟ್ಟ ಕುಣಿಕೆ ಎತ್ಕೊಂಡು ಬಾ.”)

ಇಬ್ಬರಿಗೂ ಹೆಣಿಗೆ ಕಲಿಸಿದವಳು ಅಜ್ಜಿ. ಅವಳು ಉಂಡೆ ಸುತ್ತುವಾಗ ನಡುವೆ ಏನಾದರೊಂದನ್ನು ಇಟ್ಟು ಸುತ್ತುತ್ತಿದ್ದಳು. ಒಮ್ಮೆ ಪೆಪ್ಪರ್‌ಮಿಂಟು, ಒಮ್ಮೆ ಗಾಜಿನ ಗುಂಡಿ, ಒಮ್ಮೆ ಬರೀ ಖರ್ಜೂರದ ಬೀಜ. ಹೆಣೆದು ಹೆಣೆದು ಉಂಡೆ ಕರಗಿದಾಗಲೇ ಅದು ಕೈಗೆ ಸಿಗಬೇಕು.

“ಕಥೇನೂ ಹಂಗೇ ಮಕ್ಕಳಾ, ಹೊಟ್ಟೆ ಬಗೆದು ನೋಡಬಾರದು,” ಎನ್ನುತ್ತಿದ್ದಳು.

ತಂಗಿ ಒಮ್ಮೆ ತಡೆಯಲಾರದೆ ಇಡೀ ಉಂಡೆ ಎಳೆದುಹಾಕಿ ಪೆಪ್ಪರ್‌ಮಿಂಟು ತಿಂದುಬಿಟ್ಟಳು. ಅಜ್ಜಿ ಬಯ್ಯಲಿಲ್ಲ, ನಕ್ಕಳು. ಅಕ್ಕ ಬಯ್ದಳು, ಬಯ್ಯುತ್ತಲೇ ಸಂಜೆಯವರೆಗೂ ಕೂತು ಸಿಕ್ಕು ಬಿಡಿಸಿದಳು. ಎಳೆಯುವವಳು ಇವಳು, ಬಿಡಿಸುವವಳು ಅವಳು.

೪

ಅಜ್ಜಿಯ ಇನ್ನೊಂದು ಕಾನೂನು: ಯಾರ ಡಬ್ಬವನ್ನೂ ಖಾಲಿ ವಾಪಸು ಕಳಿಸಬಾರದು. ತಂಗಿ ಈ ಕಾನೂನನ್ನೇ ನಂಬಿ ಶುಂಠಿ ಬಿಸ್ಕತ್ತು ಮಾಡಿ ಡಬ್ಬಕ್ಕೆ ತುಂಬಿ, ಅಕ್ಕನಿಗೆ ಕೊಟ್ಟು ಬಾ ಎಂದು ತನ್ನ ಅಮ್ಮನ ಕೈಗಿಟ್ಟಳು.

“ನಾನೇನು ಕೊರಿಯರ್ ಆಫೀಸಾ?” ಎಂದಳು ಅಮ್ಮ. “ಎರಡು ಬೀದಿ ದಾಟಿದ್ರೆ ಅವಳ ಮನೆ. ನೀನೇ ಹೋಗು.”

“ಬಾಗಿಲು ತೆಗೀತಾಳೆ, ಬಾಯಿ ತೆಗೆಯಲ್ಲ. ನೀನೇ ಹೋಗಮ್ಮ.”

ಅಮ್ಮ ಹೋಗಿಬಂದಳು. ಡಬ್ಬ ತೊಳೆದು ಒರೆಸಿ ಫಳಫಳ ಎನ್ನುತ್ತಿತ್ತು. ಒಳಗೆ ಏನೂ ಇಲ್ಲ.

“ತಿಂದ್ಲಾ?”

“ನನ್ನೆದುರು ತಿನ್ನಲಿಲ್ಲ. ನೀರು ತರ್ತೀನಿ ಅಂತ ಒಳಗೆ ಹೋಗಿ ತಿಂದ್ಲು.”

“ನಿಂಗೆ ಹೇಗೆ ಗೊತ್ತು?”

“ತುಟಿ ಪಕ್ಕ ಚೂರಿತ್ತು. ನೀರು ಮಾತ್ರ ತರೋದು ಮರೆತಿದ್ಲು.”

ಮುಂದಿನ ವಾರ ಒಣದ್ರಾಕ್ಷಿ ಹಾಕಿದ ಬ್ರೆಡ್ಡು ಹೋಯಿತು. ಮತ್ತೆ ಖಾಲಿ ಡಬ್ಬ ಬಂತು.

೫

ಕಥೆ ಮುಂದೆ ಸಾಗಲೊಲ್ಲದು. ಓದುಗರ ಅನುಕೂಲಕ್ಕಾಗಿ ಕೆಲವು ಮುಕ್ತಾಯಗಳು.

ಕ) ಅಕ್ಕ ಓಡಿಬಂದು ತಂಗಿಯನ್ನು ತಬ್ಬಿಕೊಳ್ಳುತ್ತಾಳೆ.

(“ನಮ್ಮನೇಲಿ ಯಾರೂ ತಬ್ಕೊಳಲ್ಲ ರೀ.”)

ಖ) ಮಂಜುಗಟ್ಟಿದ ರಸ್ತೆ. ಅಕ್ಕನ ಕಾರು ಜಾರುತ್ತದೆ. ಆಸ್ಪತ್ರೆ. ಇಬ್ಬರ ಕಣ್ಣಲ್ಲೂ ನೀರು.

(“ನಮ್ಮಕ್ಕನ ಗಾಡಿ ಮೇಲೆ ಇವತ್ತಿನವರೆಗೆ ಒಂದು ಗೀರಿಲ್ಲ. ನಿಮಗೆ ಕಥೆ ಹೊಳೀಲಿಲ್ಲ ಅಂತ ಅವಳ ಕೈಕಾಲು ಮುರೀತೀರಾ? ಅಳಿಸಿ ಮೊದಲು!”)

ಗ) ಎರಡೂ ಟೋಪಿ ಬಿಚ್ಚಿ ತಂಗಿ ಮತ್ತೆ ಸ್ವೆಟರನ್ನೇ ಹೆಣೆಯುತ್ತಾಳೆ.

ಇದಕ್ಕೆ ಅವಳು ಸಿಟ್ಟಾಗಲಿಲ್ಲ. ಓವನ್ನಿನ ಗಾಜಿನೊಳಗೆ ನೋಡುತ್ತಾ ಹೇಳಿದಳು, “ಹೆಣೀಬಹುದು. ಆದ್ರೆ ಅದು ಅಜ್ಜಿ ಹೆಣೆದಿದ್ದಾಗಲ್ಲ. ಅಕ್ಕ ಹೇಳಿದ್ದೂ ಅದನ್ನೇ.”

ಅದನ್ನೂ ಅಳಿಸಿದೆ.

೬

ನಡೆದದ್ದು ಇಷ್ಟು. ಮೂರನೆಯ ಸಲ ಅಮ್ಮ ಡಬ್ಬವನ್ನು ಮೇಜಿನ ಮೇಲಿಟ್ಟು, “ಈ ಸಲ ಏನೋ ಇದೆ,” ಎಂದಳು.

ತಂಗಿ ಮುಚ್ಚಳ ತೆಗೆದಳು. ಬದನೆಕಾಯಿ ಬಣ್ಣದ ಒಂದು ಉಂಡೆ. ಅಕ್ಕ ತನ್ನ ಟೋಪಿಯನ್ನು ಬಿಚ್ಚಿದ್ದಳು. ಎಳೆ ಇನ್ನೂ ಟೋಪಿಯಲ್ಲಿದ್ದ ಹಾಗೇ ಗುಂಗುರು ಗುಂಗುರು.

“ಬಿಚ್ಚಿಬಿಟ್ಟಿದಾಳೆ.” ತಂಗಿಯ ದನಿ ಇಷ್ಟೇ ಇತ್ತು.

“ಸೇಡು ತೀರ್ತಲ್ಲ! ಇನ್ನಾದ್ರೂ ಮಾತಾಡ್ಕೊಳ್ಳಿ,” ಎಂದಳು ಅಮ್ಮ.

ನಾನೂ ‘ಸೇಡು’ ಎಂದೇ ಬರೆದು ಪೂರ್ಣವಿರಾಮ ಇಡುತ್ತಿದ್ದೆ. ಅಷ್ಟರಲ್ಲಿ ತಂಗಿ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅಮುಕಿದಳು. ಮೆತ್ತಗಿತ್ತು. ಇನ್ನೂ ಅಮುಕಿದಳು. ನಡುವೆ ಏನೋ ಗಟ್ಟಿ.

“ಅಮ್ಮಾ, ಒಳಗೆ ಏನೋ ಇಟ್ಟಿದಾಳೆ!”

“ಎಳೆದು ನೋಡೇ ಮತ್ತೆ!”

ನಾನೂ ಅದನ್ನೇ ಅಂದೆ. ನೀವೂ ಅಂದಿರಿ, ಸುಳ್ಳು ಹೇಳಬೇಡಿ.

ತಂಗಿಯ ಬೆರಳು ತುದಿಯ ಎಳೆಗೆ ಹೋಯಿತು, ಅಲ್ಲೇ ನಿಂತಿತು. ಕೈ ಒರೆಸಿಕೊಂಡು ಹೆಣಿಗೆಯ ಕಡ್ಡಿ ತಂದಳು. ಓವನ್ ಪಕ್ಕದ ಸ್ಟೂಲಿನಲ್ಲಿ ಕೂತು ಮೊದಲ ಕುಣಿಕೆ ಹಾಕಿದಳು.

“ಏನು ಹೆಣೀತಿದೀಯ?” ಎಂದಳು ಅಮ್ಮ.

“ಕೈಗವಸು. ಚಳೀಲಿ ಸ್ಟೇರಿಂಗ್ ಹಿಡಿದು ಹಿಡಿದು ಅವಳ ಬೆರಳು ಬಿರುಕು ಬಿಡುತ್ತೆ.”

೭

ಈಗ ನನ್ನ ಪಾಡು ಕೇಳಿ. ಕಥೆ ಬರೆಯುತ್ತಿರುವವಳು ನಾನು. ಉಂಡೆಯಲ್ಲಿ ಏನಿದೆಯೆಂದು ನನಗೇ ಗೊತ್ತಿಲ್ಲ. ಸಂಪಾದಕರು ಕೇಳಿದರೆ ಏನು ಹೇಳಲಿ?

“ಒಂಚೂರು ಎಳೆದು ನೋಡು ಮಾರಾಯ್ತಿ. ಯಾರಿಗೂ ಹೇಳಲ್ಲ,” ಎಂದೆ.

“ಚಿಕ್ಕೋಳಿದ್ದಾಗ ಎಳೆದು ತಿಂದಾಗಿದೆ. ಒಮ್ಮೆ ಸಾಕು.”

“ಒಳಗಿರೋದು ಬರೀ ಖರ್ಜೂರದ ಬೀಜ ಆದ್ರೆ?”

“ಆದ್ರೆ ಆಗ್ಲಿ. ಇಟ್ಟು ಸುತ್ತಿದಾಳಲ್ಲ.”

ಓವನ್ನು ಕೂಗಿತು. ಬಿಸ್ಕತ್ತು ತೆಗೆಯಲು ಅಮ್ಮ ಎದ್ದಳು, ತಂಗಿ ಏಳಲಿಲ್ಲ. ಕೈಗವಸು ಇನ್ನೂ ಮಣಿಕಟ್ಟಿನಲ್ಲೇ ಇದೆ, ಬೆರಳುಗಳವರೆಗೆ ಬಂದಿಲ್ಲ. ನೆಲದ ಮೇಲೆ ಉಂಡೆ ಅರ್ಧ ಸುತ್ತು ಉರುಳಿ ನಿಂತಿತು. ಒಳಗಿನದು ನೆಲಕ್ಕೆ ತಾಗಿ ಸದ್ದು ಮಾಡುವಷ್ಟು ಅದಿನ್ನೂ ಕರಗಿಲ್ಲ.