ಗಾಜಿನ ಪಕ್ಕದ ತಾರೀಖು

"ಈ ಫೋಟೋದಲ್ಲಿ ಗೋಡೆ ಮೇಲೆ ಕಾಣ್ತಿರೋದು ಏನು?" ಎಂದು ಟೈಲರಮ್ಮನ ವಕೀಲರು ಕೇಳಿದಾಗ ಮೇಸ್ತ್ರಿ ಕನ್ನಡಕಕ್ಕಾಗಿ ಜೇಬೆಲ್ಲ ತಡಕಿದ. ಅದು ಅವನ ತಲೆಯ ಮೇಲೇ ಇತ್ತು. ಕೋರ್ಟಿನ ಆ ಸಣ್ಣ ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಗಾಜು ಸ್ವಾಮಿ. ಗೋಡೆ ಬಾಯಿ ಬಿಟ್ರೆ ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸ್ತೀವಿ. ಬಿರುಕು ದೊಡ್ಡದಾದ್ರೆ ಗಾಜು ಪಟ್ಟಂತ ಒಡೆಯುತ್ತೆ. ಒಡೀಲಿಲ್ಲ ಅಂದ್ರೆ ಗೋಡೆ ಅಲುಗಿಲ್ಲ ಅಂತ."

ಫೋಟೋ ತೆಗೆದದ್ದು ಗೋಡೆ ಬೀಳುವ ಎರಡು ದಿನ ಮೊದಲು. ಟೈಲರಮ್ಮ ಹೊಲಿದ ಹೊಸ ಕೋಟು ತೊಟ್ಟ ಗಿರಾಕಿಯೊಬ್ಬರು ಮದುಮಗನಂತೆ ಎದೆ ಸೆಟೆಸಿ ನಿಂತಿದ್ದರು. ಅವರ ಭುಜದ ಹಿಂದೆ ಗಾಜು ಇಡಿಯಾಗಿತ್ತು. ಪಕ್ಕದ ಗಾರೆಯ ಮೇಲೆ ಪೆನ್ಸಿಲ್ಲಿನ ತಾರೀಖು: ಮಾರ್ಚ್ ಒಂಬತ್ತು. ಗೋಡೆ ಬಿದ್ದದ್ದು ನವೆಂಬರಿನಲ್ಲಿ. ಎಂಟು ತಿಂಗಳು ಗಾಜು ಒಡೆದಿಲ್ಲವೆಂದರೆ, ಪಕ್ಕದ ಸೈಟಿನಲ್ಲಿ ಗುಂಡಿ ತೋಡಿದ್ದಕ್ಕೆ ಗೋಡೆ ಒಮ್ಮೆಲೇ ಕುಸಿದಿದೆ, ವಿಮಾ ಕಂಪನಿ ಪರಿಹಾರ ಕೊಡಲೇಬೇಕು. ಮೆಲ್ಲಮೆಲ್ಲಗೆ ಬಿರಿದು ಬಿದ್ದದ್ದಾದರೆ ಅದು ಕಟ್ಟಿದವರ ತಪ್ಪು, ಕಂಪನಿಗೆ ಸಂಬಂಧವಿಲ್ಲ. ಟೈಲರಮ್ಮನ ಮನೆ ಮತ್ತೆ ಏಳುವುದು ಆ ಗೇಣುದ್ದದ ಗಾಜಿನ ಮೇಲೆ ನಿಂತಿತ್ತು.

ಮೇಸ್ತ್ರಿಗಿಂತ ಮೊದಲು ಅವಳ ಹೇಳಿಕೆ ಆಗಿತ್ತು. ಎಡಗೈ ಮಣಿಕಟ್ಟಿಗೆ ಇನ್ನೂ ಪಟ್ಟಿ. ಗೋಡೆ ಬಿದ್ದಾಗ ಅವಳು ಅದರ ಬುಡದಲ್ಲೇ ಮಿಷಿನ್ ತುಳಿಯುತ್ತಿದ್ದಳು.

"ಬಿರುಕು ಕಂಡೂ ಅಲ್ಲೇ ಕೂರೋಕೆ ಭಯ ಆಗ್ತಿರ್ಲಿಲ್ವೇನಮ್ಮ?" ಎಂದು ನ್ಯಾಯಾಧೀಶೆ ಕೇಳಿದ್ದರು.

"ಯಾಕೆ ಭಯ? ದಿನಾ ಬೆಳಗ್ಗೆ ಗಾಜು ನೋಡ್ತಿದ್ದೆ. ಒಡೆದಿಲ್ಲ ಅಂದ್ರೆ ಧೈರ್ಯವಾಗಿ ಕೂತ್ಕೊ ಅಂತ ಮೇಸ್ತ್ರಿ ಅಣ್ಣನೇ ಹೇಳಿದ್ದ."

ಈಗ ಅದೇ ಗಾಜಿನ ಫೋಟೋ ಮೇಸ್ತ್ರಿಯ ಮುಂದಿತ್ತು.

"ಹಾಗಾದ್ರೆ ಈ ಗಾಜು ಮಾರ್ಚಿಂದ ಹೀಗೇ ಇತ್ತು, ಅಲ್ವೇ?" ವಕೀಲರು ಹೌದು ಎಂದು ಆಗಲೇ ಬರೆದುಕೊಳ್ಳತೊಡಗಿದ್ದರು.

ಹೌದೆಂದರೆ ಎಲ್ಲರಿಗೂ ಸುಖ. ಅವಳಿಗೆ ಮನೆ, ಇವನಿಗೆ ಕೆಲಸ. ಹಿಂದಿನ ಬೆಂಚಿನಲ್ಲಿ ಆ ಮನೆ ಕಟ್ಟಿದ ಗುತ್ತಿಗೆದಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇಪ್ಪತ್ತು ವರ್ಷದಿಂದ ಮೇಸ್ತ್ರಿಯ ಅನ್ನದಾತ. ಮೇಸ್ತ್ರಿ ನೀರು ಕೇಳಿ ಕುಡಿದ.

"ಇದು ಎರಡನೇ ಗಾಜು."

ವಕೀಲರ ಪೆನ್ನು ನಿಂತಿತು.

"ಮೊದಲನೇದು ಅಕ್ಟೋಬರ್‌ನಲ್ಲೇ ಒಡೆದಿತ್ತು. ಆಗ ಈ ಅಮ್ಮ ಅಕ್ಕನ ಮನೆಗೆ ಹೋಗಿದ್ರು. ಪಾಯ ಕೂರ್ತಿದೆ, ಅಡಿ ಮಣ್ಣು ಸರಿಯಾಗಿ ಕುಟ್ಟಿ ದಮ್ಮಸ್ಸು ಮಾಡಿರಲಿಲ್ಲ ಅಂತ ಧಣಿಗಳಿಗೆ ಹೇಳ್ದೆ. ಬೇರೆ ಗಾಜು ಅಂಟ್ಸು, ತಾರೀಖು ಮುಟ್ಬೇಡ ಅಂದ್ರು. ಅಂಟಿಸ್ದೆ. ತಪ್ಪು ನಂದೂ ಇದೆ."

ಗುತ್ತಿಗೆದಾರನ ಕಾಲು ಕೆಳಗಿಳಿಯಿತು. ಕಂಪನಿಯ ವಕೀಲರು ಅಂದು ಮೊದಲ ಬಾರಿ ನಕ್ಕರು. ಗುತ್ತಿಗೆದಾರನನ್ನೂ ಪ್ರತಿವಾದಿಯಾಗಿ ಸೇರಿಸಬೇಕೆಂದು ಆದೇಶವಾಯಿತು. ಮುಂದಿನ ವಿಚಾರಣೆ ಮೂರು ತಿಂಗಳ ಮೇಲೆ.

ವರಾಂಡದಲ್ಲಿ ಟೈಲರಮ್ಮ ಅವನಿಗೆ ಅಡ್ಡ ನಿಂತಳು.

"ಒಂದು ಹೂಂ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು? ಈಗ ಆ ಗುತ್ತಿಗೆದಾರನ ಹಿಂದೆ ಎಷ್ಟು ವರ್ಷ ಅಲೀಲಿ?"

"ಸುಳ್ಳು ಹೇಳೋಕೆ ಆಗ್ಲಿಲ್ಲಮ್ಮ. ಬಾಯಿ ಬಿಟ್ಬಿಟ್ಟೆ."

"ಬಿಡೋದಾದ್ರೆ ಅವತ್ತೇ ಬಿಡ್ಬೇಕಿತ್ತು." ಅವಳು ಪಟ್ಟಿ ಕಟ್ಟಿದ ಕೈ ಮುಂದೆ ಹಿಡಿದಳು. "ಮಿಷಿನ್ನು ಈಚೆ ಗೋಡೆಗೆ ಎಳ್ಕೊಂಡಿರ್ತಿದ್ದೆ. ಅಷ್ಟೇ ತಾನೇ?"

 

ಮರುದಿನ ಬೆಳಗ್ಗೆ ಯಾರೂ ಕರೆಯದೆಯೇ ಮೇಸ್ತ್ರಿ ಅವಳ ಮನೆಗೆ ಬಂದ. ಉಳಿದಿದ್ದ ಕೋಣೆಯ ಗೋಡೆಯಲ್ಲೂ ಕೂದಲೆಳೆಯಷ್ಟು ಬಿರುಕಿತ್ತು. ಅವಳು ಒಂದೇ ಕೈಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅವನು ಗೋಡೆ ಒರೆಸಿ, ಗಾಜು ಅಂಟಿಸಿ, ಹಿಡಿಯುವ ತನಕ ಹೆಬ್ಬೆರಳಿನಿಂದ ಒತ್ತಿಕೊಂಡು ನಿಂತ. ಆಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.

"ಅದು ಬೇಡ," ಎಂದು ಅವಳು ಎದ್ದು ಬಂದಳು.

ಬಟ್ಟೆಯ ಗಂಟಿಗೆ ಗಿರಾಕಿಯ ಹೆಸರು ಬರೆಯುವ ಕಪ್ಪು ಮಾರ್ಕರಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತು, ಅಂದಿನ ತಾರೀಖನ್ನು ಬರೆದಳು. ಪಕ್ಕದ ಗೋಡೆಯ ಮೇಲಲ್ಲ, ಗಾಜಿನ ಮೇಲೆ.