ಕೈ ಹಿಡಿಯದೆ ಇಟ್ಟ ಬಳೆ

“ನಿನ್ನ ಮಗ ಸಾವಕಾರ್ರ ಮಗಳ ಕೈ ಹಿಡದ್ನೋ ಇಲ್ಲೋ? ಅಷ್ಟ ಬೊಗಳು, ಮುದಕಿ.”

“ಹಿಡದಾನ್ರಿ,” ಎಂದಳು ಬಳೆಗಾರ್ತಿ ಮೋತಿಬಿ. “ಬಳಿ ಇಡಾಕ.”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಫೌಜದಾರ ತಲೆಯೆತ್ತಿದ. ಪಕ್ಕದ ಕುರ್ಚಿಯಲ್ಲಿ ಚಹಾ ಹೀರುತ್ತಿದ್ದ ಸಾಹುಕಾರ ಕುಬೇರಪ್ಪನೂ ತಿರುಗಿದ. ಠಾಣೆಯ ಪಡಸಾಲೆ ತುಂಬ ಹೆಂಗಸರು, ಬಾಯಿಗೆ ಸೆರಗು.

ಅವರನ್ನು ಕೂಡಿಸಿದ್ದು ಬಳೆಯೇ. ಎಂಬತ್ತೊಂದರ ಶ್ರಾವಣದಲ್ಲಿ ಕುಬೇರಪ್ಪನ ಆಳುಗಳು ‘ಈ ತುರಕ ನಮ್ಮ ಸಾವಕಾರ್ರ ಮಗಳ ಕೈ ಹಿಡಿದ’ ಎಂದು, ಮನೆಯಂಗಳದಲ್ಲಿ ಬಳೆ ಇಡುತ್ತಿದ್ದ ಮೋತಿಬಿಯ ಮಗ ನಿಜಾಮುದ್ದೀನನನ್ನು ಅಲ್ಲಿಂದಲೇ ಎಳೆದೊಯ್ದು, ಬಡಿದು, ಬಾವಿಗೆ ಒಗೆದಿದ್ದರು. ಕಾಲು ಜಾರಿ ಬಿದ್ದನೆಂದು ಫೌಜದಾರ ಬರೆದ. ಮೋತಿಬಿ ಮಗನ ಬಳೆ ಮಲಾರವನ್ನು ಹೆಗಲಿಗೇರಿಸಿ ಶಿರಹಟ್ಟಿ, ಬಾಳೆಹೊಸೂರ, ಹೊಂಬಳ ತಿರುಗಿದಳು. ಬಳೆ ಗೆಣ್ಣಿಗೆ ಬಂದು ಸಿಕ್ಕಿಕೊಂಡಾಗ ಯಾವ ಹೆಂಗಸೂ ಎದ್ದು ಹೋಗಲಾರಳು. ಅಷ್ಟರಲ್ಲಿ ಮಗನ ಕಥೆ ಹೇಳಿ ಮುಗಿಸುತ್ತಿದ್ದಳು. ಹೊಂಬಳದ ಕರಿಯವ್ವ ಮಾತ್ರ ತಿರುಗಿ ತನ್ನ ಮಗನ ಕಥೆ ಹೇಳಿದಳು. ಗೌಡರ ಓಣಿಯಲ್ಲಿ ಸೈಕಲ್ಲು ಹತ್ತಿದನೆಂದು ಅವನನ್ನೂ ಕೊಂದಿದ್ದರು. ಈಗ ಠಾಣೆಗೆ ತಂದ ಅರ್ಜಿಯಲ್ಲಿ ಸತ್ತ ಮಕ್ಕಳ ಎರಡು ಹೆಸರು.

ಮೋತಿಬಿ ಮೇಜಿನ ಮೇಲೆ ಒಂದು ಡಜನ್ ಹಸಿರು ಬಳೆ ಸುರಿದಳು. ಕರಿಯವ್ವ ಕೈ ಚಾಚಿದಳು.

“ಕೈ ಹಿಡೀಲಾರದ ಒಂದ ಬಳಿ ಇಟ್ಟ ತೋರಸ್ರಿ, ಸಾಹೇಬ್ರ. ಇಟ್ರ ನನ್ನ ಮಗಂದ ತಪ್ಪು ಅಂತ ಹೆಬ್ಬಟ್ಟ ಒತ್ತತೀನಿ.”

ಈ ಹೊಲತಿಯನ್ನು ಮುಟ್ಟುವವರಾದರೂ ಯಾರು ಎನ್ನುತ್ತ ಫೌಜದಾರ ಚೇಳು ಎತ್ತಿದಂತೆ ಎರಡೇ ಬೆರಳಲ್ಲಿ ಬಳೆ ಎತ್ತಿದ. ಬಳೆ ಗೆಣ್ಣಿಗೆ ನಿಂತಿತು. ದೂಡಿದರೆ ಕೈಯೇ ಹಿಂದೆ ಸರಿಯಿತು. ಅವನು ಮುಂದೆ, ಕೈ ಹಿಂದೆ. ಮೇಜು ಸುತ್ತಿ ಬರುವಷ್ಟರಲ್ಲಿ ಟೋಪಿ ಬಿತ್ತು, ಬಳೆ ಚಟ್ಟೆಂದು ಒಡೆಯಿತು. ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಮೂರು ತಿಂಗಳು ಸತ್ತಂತಿದ್ದ ನಗು ಮೋತಿಬಿಯ ಹೊಟ್ಟೆಯಿಂದಲೂ ಎದ್ದಿತು. ಮಗ ಸತ್ತವಳು ನಗಬಾರದೆಂದು ಸೆರಗು ಕಚ್ಚಿದರೂ ನಿಲ್ಲಲೊಲ್ಲದು.

ಆ ನಗುವಿನ ನಡುವಿನಿಂದ ಒಂದು ಎಳೆಯ ಕೈ ಮುಂದೆ ಬಂತು. ಕುಬೇರಪ್ಪನ ಮಗಳು ಸಾವಿತ್ರೆವ್ವ. ಎಡಗೈಯಲ್ಲಿ ನಿಜಾಮುದ್ದೀನ ಇಟ್ಟ ಐದು ಬಳೆ. ಬಲಗೈ ಅಂದಿನಿಂದ ಬೋಳು.

“ನಾನ ಕೈ ಕೊಟ್ಟಿದ್ದೆ ಬಳಿ ಇಡಾಕ. ಬರ್ಕೋರಿ.”

“ಮನಿಗಿ ನಡಿ, ರಂಡಿ,” ಕುಬೇರಪ್ಪ ಎದ್ದ. ಚಹಾ ಅರ್ಜಿಯ ಮೇಲೆ ಚೆಲ್ಲಿತು.

ಮೋತಿಬಿ ಆ ಬೋಳು ಕೈಯನ್ನು ಎಲ್ಲರಿಗೂ ಕಾಣುವಂತೆ ಬಿಗಿಯಾಗಿ ಹಿಡಿದಳು. ಹೆಬ್ಬೆರಳು ಒಳಗೆ ಮಡಚಿ, ಗೆಣ್ಣು ಒತ್ತಿ, ಮೊದಲ ಬಳೆಯನ್ನು ನಯವಾಗಿ ಇಳಿಸಿದಳು. ನಗು ಇನ್ನೂ ನಿಂತಿರಲಿಲ್ಲ.

“ಹಿಡದೀನಿ ನೋಡ್ರಿ, ಸಾವಕಾರ್ರ. ನಿಮ್ಮ ಬಾವಿ ಎಷ್ಟ ದೊಡ್ಡದೈತಿ? ಇಷ್ಟೂ ಮಂದಿ ಹಿಡಸ್ತೀವೇನು?”